ಕುಂಕುಮ ಹಚ್ಚಿಸಿಕೊಂಡ ಮೂರು ಕ್ಯೂಬುಗಳು

ಓದುವ ಎಲ್ಲರಿಗೂ ಶರಣು. ನಾನು ತಡವಾಗಿ ಓದು ಹಿಡಿದವನು, ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಲವತ್ತು ದಾಟಿದ ಮೇಲೆ ಚಾಮರಾಜನಗರದ ಇಂಜಿನಿಯರಿಂಗ್ ಕಾಲೇಜೊಂದರ ಸಿವಿಲ್ ವಿಭಾಗಕ್ಕೆ ಸಂಶೋಧನೆಗೆಂದು ಸೇರಿದೆ. ನಮ್ಮ ಕಡೆ ಕರಿಕಲ್ಲು ಕೊಯ್ಯುವಾಗ ಉಳಿಯುವ ಪುಡಿಯನ್ನು ಮರಳಿನ ಬದಲು ಕಾಂಕ್ರೀಟಿಗೆ ಬೆರೆಸಿದರೆ ಗಟ್ಟಿ ಬರುತ್ತದೆಯೇ ಎಂಬುದು ನನ್ನ ವಿಷಯ. ಕಾಂಕ್ರೀಟನ್ನು ಅಚ್ಚಿಗೆ ಸುರಿದು ಕ್ಯೂಬು ಮಾಡಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಇಪ್ಪತ್ತೆಂಟನೇ ದಿನ ಮಿಷಿನ್ನಿನಲ್ಲಿ ಒತ್ತಿ ಒಡೆಯಬೇಕು. ನನ್ನ ಗೈಡ್ ಮೇಡಂ ನನಗಿಂತ ಚಿಕ್ಕವರು, ಆದರೆ ಬಲು ಕಟ್ಟುನಿಟ್ಟು. ದಿನ ತಪ್ಪಿದರೆ ಕ್ಯೂಬು ಕಸಕ್ಕೆ. ಕೆಲಸವೆಲ್ಲ ಮತ್ತೆ ಮೊದಲಿಂದ.

ನಾನು ದಿನ ಎಣಿಸಿದ್ದೆ, ಹಬ್ಬ ನೋಡಿರಲಿಲ್ಲ. ಇಪ್ಪತ್ತೆಂಟನೇ ದಿನದ ಬೆಳಿಗ್ಗೆ ಗುಂಡ್ಲುಪೇಟೆಯಿಂದ ಹೊರಟ ಬಸ್ಸಿನ ತುಂಬ ಚೆಂಡುಹೂವಿನ ಮೂಟೆ. ಅವನ್ನು ಇಳಿಸಿ ಇಳಿಸಿಯೇ ಬಸ್ಸು ತಡವಾಯಿತು. ಲ್ಯಾಬಿಗೆ ಓಡಿದರೆ, ಒಡೆಯುವ ಮಿಷಿನ್ನಿಗೆ ಬಾಳೆಕಂದು ಕಟ್ಟಿ, ವಿಭೂತಿ ಬಳಿದು, ಆಯುಧಪೂಜೆ ಮುಗಿಸಿಬಿಟ್ಟಿದ್ದರು. ಮರುದಿನದಿಂದ ರಜೆ. ಅಟೆಂಡರಣ್ಣ ಬೂದುಗುಂಬಳಕಾಯಿ ಹಿಡಿದು ನಿಂತಿದ್ದರು.

"ಅಣ್ಣ, ಇವತ್ತೇ ನನ್ ಕ್ಯೂಬ್ ಒಡೀಬೇಕಿತ್ತಲ್ಲ!"

"ಪೂಜೆ ಆಗೋಯ್ತು ಕಣಪ್ಪ. ಇನ್ನ ಹಬ್ಬ ಕಳಿಯಗಂಟ ಮಿಷಿನ್ ಮುಟ್ಟಂಗಿಲ್ಲ. ಅದ್ಕೂ ರಜ ಬ್ಯಾಡ್ವಾ?"

"ಇಷ್ಟ್ ದಿನ ನೀರಲ್ಲಿಟ್ಟು ಸಾಕಿವ್ನಿ ಅಣ್ಣ."

"ಸಾಕ್ದೋನು ಕ್ಯಾಲೆಂಡರ್ ನೋಡ್ಬೇಕಾಗಿತ್ತು. ಓಗು, ಕಳ್ಳೆಪುರಿ ತಿನ್ನೋಗು."

ಅವರ ಕೈಯಲ್ಲಿದ್ದ ಕುಂಬಳಕಾಯಿ ನೋಡುತ್ತಲೇ ನನಗೊಂದು ದಾರಿ ಹೊಳೆಯಿತು.

"ದೃಷ್ಟಿಗೆ ಅಂತ ಇದ್ನ ಒಡೀತೀಯಲ್ಲಣ್ಣ. ಮಿಷಿನ್ನೇ ತನ್ ದೃಷ್ಟಿ ತಾನೇ ಒಡ್ಕೊಂಡ್ರೆ ತಪ್ಪಾ? ಕ್ಯೂಬಿಗೂ ಕುಂಕುಮ ಹಚ್ಬುಡು."

ಅಟೆಂಡರಣ್ಣ ಕಾಯಿಯನ್ನೊಮ್ಮೆ, ಮಿಷಿನ್ನನ್ನೊಮ್ಮೆ ನೋಡಿದರು. "ಸರಿ ಬುಡು. ಆದ್ರ ಒಂದೇ ಕಣ. ಒಂದ್ ಮಿಷಿನ್‌ಗೆ ಒಂದೇ ಕಾಯಿ."

ಲ್ಯಾಬಿನ ಮೂಲೆಯಲ್ಲಿ ಪುರಿ ತಿನ್ನುತ್ತಿದ್ದ ಮೇಡಂ ತಿರುಗಿದರು. "ಒಂದು ಸಾಲಲ್ಲ. ಸರಾಸರಿಗೆ ಮೂರು ಬೇಕೇ ಬೇಕು."

ಚೌಕಾಸಿ ನಡೆಯಿತು. ಕೊನೆಗೆ ಅಟೆಂಡರಣ್ಣನೇ ಹಂಚಿದರು: "ಇದ್ಕೊಂದು, ಕಲ್ಸೋ ಮಿಷಿನ್‌ಗೊಂದು, ಜರಡಿ ಮಿಷಿನ್‌ಗೊಂದು. ಇನ್ನ ಕೇಳಂಗಿಲ್ಲ!"

ಒದ್ದೆ ಕ್ಯೂಬುಗಳನ್ನು ಒರೆಸಿ, ಬದಿಗೆ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ ಒಂದೊಂದಾಗಿ ಮಿಷಿನ್ನಿಗೆ ಕೂರಿಸಿದೆವು. ಎರಡು ಬೇಗ ಬಿರುಕು ಬಿಟ್ಟವು. ಮೂರನೆಯದು ಜಪ್ಪಯ್ಯ ಅನ್ನಲಿಲ್ಲ.

"ಇದ್ಯಾವ ಕುಂಬ್ಳಕಾಯ್ಲಾ ಇದು!" ಎಂದು ಅಟೆಂಡರಣ್ಣ ಬೆರಗಾಗುವಷ್ಟರಲ್ಲಿ ಅದೂ ಒಡೆಯಿತು. ಪೂಜೆಗೆ ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸರಾಸರಿಯು ಮೊದಲೇ ಒಡೆದು ನೋಡಿದ್ದ ಮರಳಿನ ಕ್ಯೂಬಿಗೆ ಸರಿಸಮ ಬಂದಿತ್ತು. ನನ್ನ ಕಲ್ಲುಪುಡಿ ಗೆದ್ದಿತ್ತು.

ಬಿರುಕು ಹೋದ ದಾರಿ ನೋಡಬೇಕೆಂದು ಮೇಡಂ ಚೂರುಗಳನ್ನು ಕೇಳಿದರು. ಅಷ್ಟರಲ್ಲಿ ಅಟೆಂಡರಣ್ಣ ಗೇಟಿನಾಚೆ ತಮ್ಮ ಕುಂಬಳಕಾಯಿ ಒಡೆದು, ಚೂರುಗಳನ್ನೂ ಅಲ್ಲೇ ಹಾಕಿಯಾಗಿತ್ತು.

"ದೃಷ್ಟಿ ತಗ್ದಿರೋದ್ನ ಒಳಕ್ ತರಂಗಿಲ್ಲ ಮೇಡಂ. ಬೇಕಾರ ಅಲ್ಲೇ ನೋಡ್ಕಳಿ."

ದಿನಕ್ಕೆ ಕಟ್ಟುನಿಟ್ಟಾದ ಮೇಡಂ ಈ ಕಟ್ಟುನಿಟ್ಟಿಗೆ ಸೋತರು. ರೇಷ್ಮೆ ಸೀರೆಯಲ್ಲೇ ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತು, ಕುಂಬಳದ ಹೋಳುಗಳ ನಡುವೆ ನನ್ನ ಕಾಂಕ್ರೀಟು ಹುಡುಕಿದರು. ನಾನು ಕೊಡೆ ಹಿಡಿದೆ.

ನಿಮ್ಮ ಕೆಲಸದ ದಿನಕ್ಕೂ ಹೀಗೇ ಹಬ್ಬ ಅಡ್ಡ ಬಂದಿದ್ದುಂಟೇ? ಹೇಗೆ ಪಾರಾದಿರಿ? ಬರೆದು ತಿಳಿಸಿ, ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.