ಗಂಗಮ್ಮನ ನೆತ್ತಿಯ ಮೇಲಿನ ಬೋರ್ಡು

ಮನುಷ್ಯ ನಿಲ್ಲಿಸಿದ್ದೆಲ್ಲವೂ ಒಂದು ದಿನ ಗಾಳಿಗೆ ತಲೆಬಾಗಲೇಬೇಕು. ಈ ಮಹಾಸತ್ಯ ನನಗೆ ಹೊಳೆದದ್ದು ಇಂದು ಬೆಳಿಗ್ಗೆ ತಿಪಟೂರಿನಲ್ಲಿ, ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಕಿತ್ತು ಬಂದು ನನ್ನ ಇಡ್ಲಿ ತಟ್ಟೆಯನ್ನು ಮುಚ್ಚಿದಾಗ. ಚಟ್ನಿ ಹೋಯಿತು; ಚಿಕ್ಕಪ್ಪ ನೆನಪಾದರು.

ಚಿಕ್ಕಪ್ಪನದು ಹುಳಿಯಾರು ರಸ್ತೆಯಲ್ಲಿ ಕೊಬ್ಬರಿ ಮಂಡಿ. ವರ್ಷಗಳ ಹಿಂದೆ ಅವರಿಗೆ ಮಂಡಿಯ ಮುಂದೆ, ಗೋಡೆಯ ಹಂಗಿಲ್ಲದೆ ಎರಡು ಕಂಬದ ಮೇಲೆ ನಿಲ್ಲುವ ಭಾರೀ ತಗಡಿನ ಬೋರ್ಡು ಬೇಕೆನ್ನಿಸಿತು. ನಾನಾಗ ಹೊಸ ಇಂಜಿನಿಯರು. ನಲ್ಲಿ ಸೋರಿದರೂ ನೆಂಟರು ನನ್ನನ್ನೇ ಕರೆಯುತ್ತಿದ್ದ ಕಾಲ. ಬೋರ್ಡು ಬರಬೇಕಾದ ಜಾಗದಲ್ಲಿ ಹೂವಿನ ಗಂಗಮ್ಮ ಕೂರುತ್ತಿದ್ದಳು. ಬಿದ್ದರೆ ಅವಳ ಮೇಲೇ ಬೀಳಬೇಕು. ಹಾಗಾಗಿ ಗಾಳಿ ಎಷ್ಟು ತಳ್ಳೀತು, ಬುಡದಲ್ಲಿ ಎಷ್ಟು ಹಿಡಿತ ಬೇಕು ಎಂಬ ಲೆಕ್ಕವನ್ನು ಮಡಿಯುಟ್ಟವನಂತೆ ಮಾಡಿದೆ. ಕಂಬದ ಗುಂಡಿ ಎದೆಯಾಳ ಬರಬೇಕು ಎಂದೆ.

“ಮೊಣಕಾಲುದ್ದ ಸಾಕು ಕಣ್ಲಾ,” ಎಂದರು ಚಿಕ್ಕಪ್ಪ. “ತೋಟದ ತೆಂಗಿನ ಮರ ನೋಡು, ಆಕಾಶ ಮುಟ್ಟೈತೆ. ಅದುಕ್ಕೆ ಯಾವ ಇಂಜಿನಿಯರು ಗುಂಡಿ ತೆಗ್ಸಿದ?”

“ಮರ ಬಾಗುತ್ತೆ ಚಿಕ್ಕಪ್ಪ. ಗರಿ ಸೀಳಿರುತ್ತೆ, ಗಾಳಿ ತೂರ್ಕೊಂಡು ಹೋಗುತ್ತೆ. ನಿಮ್ಮ ಬೋರ್ಡು ಎದೆ ಕೊಟ್ಟು ನಿಲ್ಲುತ್ತೆ. ಗಾಳಿ ವೇಗ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟಾಗುತ್ತೆ.”

“ನಾಲ್ಕರಷ್ಟಾ? ಕೊಬ್ಬರಿ ವ್ಯಾಪಾರದಾಗೂ ಇಂಥ ಮೋಸ ಇಲ್ಲ ಕಣಪ್ಪ! ಹಂಗಾದ್ರೆ ಬೋರ್ಡನ್ನೂ ಗರಿ ಥರ ಸೀಳ್ಬುಡು.”

ನಮ್ಮ ಸೀಮೆಯ ಕಷ್ಟವೇ ಇದು, ನೋಡಿ: ನೆಟ್ಟಗೆ ನಿಂತದ್ದೆಲ್ಲ ನಮಗೆ ತೆಂಗಿನ ಮರ. ಆದರೆ ಆ ಮಾತಿನಲ್ಲಿ ತಿರುಳಿತ್ತು. ತಗಡು ಬೇಡ, ಚೌಕಟ್ಟಿಗೆ ಬರೀ ಅಕ್ಷರಗಳನ್ನು ಬೆಸೆಯೋಣ, ನಡುವೆ ಗಾಳಿ ಹಾದುಹೋಗಲಿ ಎಂದೆ. ಗುಂಡಿ ಮಾತ್ರ ಎದೆಯಾಳವೇ. ಉಪಾಯ ತಮ್ಮದೆಂಬ ಒಂದೇ ಕಾರಣಕ್ಕೆ ಚಿಕ್ಕಪ್ಪ ಒಪ್ಪಿದರು.

ಬೋರ್ಡು ಎದ್ದಿತು. ಮುಂಗಾರಿನ ಮೊದಲ ಬಿರುಗಾಳಿ ಬೀದಿಯ ಹೆಂಚುಗಳನ್ನು ಹಾರಿಸಿತು. ನಮ್ಮ ಒಂದು ಅಕ್ಷರವೂ ಅಲುಗಲಿಲ್ಲ. ಮಾರನೆಯ ದಿನ ನಾನು ಕುಸ್ತಿ ಗೆದ್ದವನಂತೆ ಅದರಡಿ ನಿಂತು, “ಇನ್ನು ಭಯ ಇಲ್ಲ ಗಂಗಮ್ಮ,” ಎಂದೆ.

“ಭಯ ಯಾರ್ಗಿತ್ತಪ್ಪ? ತಗಡು ಬತ್ತೈತೆ, ನೆಳ್ಳಾಯ್ತೈತೆ ಅಂತ ಕಾದಿದ್ದೆ. ನೀನು ನೋಡುದ್ರೆ ಜರಡಿ ಕಟ್ಟಿದ್ದೀಯ! ಹೂವೆಲ್ಲ ಬಾಡೋಯ್ತವೆ.”

ನನ್ನ ಗಾಳಿಯ ಲೆಕ್ಕ ಆಗಲೂ ಸರಿಯಿತ್ತು, ಈಗಲೂ ಸರಿಯಿದೆ. ಆದರೆ ಈಗ ಬೋರ್ಡಿನ ನಕ್ಷೆ ಬರೆಯುವ ಮುನ್ನ ಅದರ ಕೆಳಗೆ ಕೂರುವವರ ಹತ್ತಿರ ಬಿಸಿಲಿನ ವಿಚಾರವನ್ನೂ ಕೇಳುತ್ತೇನೆ. ಇವತ್ತು ಬಸ್ಸಿನ ಕಿಟಕಿಯಿಂದ ನೋಡಿದೆ. ಬೋರ್ಡು ನಿಂತಿದೆ. ಗಂಗಮ್ಮ ಎದುರಿನ ಮಂಡಿಯ ಸೂರಿನಡಿ ಕೂತು ಹೂವು ಮಾರುತ್ತಿದ್ದಾಳೆ.