ನಮ್ಮ ಮನೆಯ ಎರಡನೆಯ ಕಂಡಕ್ಟರ್

ನನ್ನ ಮೊಮ್ಮಗಳು ಕಂಡಕ್ಟರ್ ಆದಳು! ಬಸ್ಸಿಗಲ್ಲ, ಬ್ಯಾಂಡಿಗೆ. ಮುಂದಿನ ತಿಂಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಅಷ್ಟೂ ಮಕ್ಕಳ ಎದುರು ಕೋಲು ಹಿಡಿದು ನಿಲ್ಲುವವಳು ಅವಳೇ. ಮೊನ್ನೆ ಗುರುವಾರ ಮಾಸ್ಟ್ರು ಹೇಳುವಾಗ ನಾನು ಅಲ್ಲೇ ಇದ್ದೆ. ಅಂದಿನಿಂದ ಕಂಡಕಂಡವರಿಗೆಲ್ಲ ಹೇಳಿ ಆಯಿತು. ಇನ್ನು ಬರೆಯದಿದ್ದರೆ ತಡೆಯುವುದಿಲ್ಲ. ಐದನೇ ಕ್ಲಾಸಿನವರೆಗೆ ಕಲಿತವನು ನಾನು, ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಿ.

ನಾನೂ ಕಂಡಕ್ಟರನೇ. ಮಂಗಳೂರು–ಕುಂದಾಪುರ ಲೈನಿನ ಖಾಸಗಿ ಬಸ್ಸಿನ ಬಾಗಿಲಲ್ಲಿ ಮೂವತ್ತೊಂದು ವರ್ಷ ನಿಂತವನು. ಈಗ ನಾನೂ ಹೆಂಡತಿಯೂ ಗಲ್ಫಿನಲ್ಲಿ, ಅಲ್ ಮನ್ಸೂರಾ ಎಂಬಲ್ಲಿ ಮಗನ ಜೊತೆ ಇದ್ದೇವೆ. ಮಗನಿಗೆ ಮೆಸಯೀದಿನ ಪ್ಲಾಂಟಿನಲ್ಲಿ ಕೆಲಸ, ಸೊಸೆಗೆ ಆಫೀಸು. ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು ನನ್ನ ಡ್ಯೂಟಿ.

ಬ್ಯಾಂಡ್ ಕಲಿಸುವ ಮಾಸ್ಟ್ರು ಎಸ್ಟೋನಿಯಾ ದೇಶದವರು.

"ಅದು ಎಲ್ಲಿ ಉಂಟು ಮಗಾ?"

"ರಷ್ಯಾದ ಪಕ್ಕ, ಅಜ್ಜ. ಸಮುದ್ರದ ಬದಿ. ಅಲ್ಲಿ ಸರ್ ಆರ್ಮಿ ಬ್ಯಾಂಡಿನ ಕಂಡಕ್ಟರ್ ಆಗಿದ್ರು."

"ಆರ್ಮಿಯವರಿಗೂ ಟಿಕೆಟಾ?"

ಅವಳು ನಕ್ಕ ನಗುವಿಗೆ ಮೆಟ್ರೋದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಆಮೇಲೆ ಬ್ಯಾಂಡ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತು ನೋಡಿದೆ. ಊದುವುದು ಮಕ್ಕಳು, ಬೆವರುವುದು ಮಾಸ್ಟ್ರು. ಬಿಡುವಿನಲ್ಲಿ ಅವರೂ ನನ್ನ ಪಕ್ಕ ಬಂದು ಕೂರತೊಡಗಿದರು. ಅವರ ಕಥೆ ಮೊಮ್ಮಗಳ ಬಾಯಿಂದ ನನಗೆ ಸಿಕ್ಕಿತು. ಅವರ ಊರಿನಲ್ಲಿ ಬೆಂಕಿ ಆರಿಸುವವರದ್ದೇ ಒಂದು ಬ್ಯಾಂಡ್ ಇತ್ತಂತೆ, ಇವರು ತುತ್ತೂರಿ ಕಲಿತದ್ದು ಅದರಲ್ಲಿ. ಅಲ್ಲಿಂದ ಸೇನೆಗೆ. ಹನ್ನೊಂದು ವರ್ಷ ಕೊನೆಯ ಸಾಲಿನಲ್ಲಿ ನಿಂತು ಊದಿದ ಮೇಲೆ ಕೈಗೆ ಕೋಲು ಬಂತು. ಚಳಿಗಾಲದ ಪರೇಡಿನಲ್ಲಿ ತುತ್ತೂರಿಯ ಒಳಗಿನ ಉಸಿರೇ ಮಂಜುಗಡ್ಡೆಯಾಗುತ್ತಿತ್ತಂತೆ. ಅದಕ್ಕೆ ಆಜ್ಞೆ ಬರುವ ತನಕ ಎಲ್ಲರೂ ಅದನ್ನು ಕೋಟಿನೊಳಗೆ ಕೂಸಿನ ಹಾಗೆ ಅಪ್ಪಿಕೊಂಡು ನಿಲ್ಲುವುದು. ಇಲ್ಲಿ ನೋಡಿದರೆ ಬಿಸಿಲಿಗೆ ಹಿತ್ತಾಳೆ ತುಟಿ ಸುಡುತ್ತದೆ. ನಿವೃತ್ತಿಯಾದ ಮೇಲೆ, ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್ ಆಗಿರುವ ಮಗಳ ಹಿಂದೆ ಬಂದರು. ನನ್ನ ಹಾಗೆಯೇ. ಈಗ ಮಗಳಿಗೆ ವರ್ಗವಾಗಿದೆ, ಅವರೂ ಊರಿಗೆ ಹೊರಟಿದ್ದಾರೆ. ಹಾಗಾಗಿ ವಾರ್ಷಿಕೋತ್ಸವಕ್ಕೆ ಮಕ್ಕಳಲ್ಲೇ ಒಬ್ಬರಿಗೆ ಕೋಲು ಕೊಡಬೇಕಾಗಿತ್ತು.

ನಮ್ಮವಳಿಗೆ ಅದರದ್ದೇ ಜಪ. ಆದರೆ ಭಾನುವಾರದ (ಇಲ್ಲಿ ಅಂದು ಶಾಲೆಗೆ ರಜೆಯಿಲ್ಲ) ಪರೀಕ್ಷೆಯಲ್ಲಿ ಅವಳು ಕೈ ಇಳಿಸಿದಾಗ ಮುಂದಿನವರು ಹೊರಟರು, ಹಿಂದಿನ ಡ್ರಮ್ಮು ಉಳಿಯಿತು. ಎರಡು ಸಲ ಹಾಗೇ ಆಯಿತು. ಗುರುವಾರ ಇನ್ನೊಂದು ಅವಕಾಶ, ಆಗದಿದ್ದರೆ ಬೇರೆಯವರಿಗೆ ಎಂದರು ಮಾಸ್ಟ್ರು. ದಾರಿಯುದ್ದಕ್ಕೂ ಅತ್ತಳು.

"ಎಲ್ಲಾ ಕರೆಕ್ಟ್ ಮಾಡ್ದೆ ಅಜ್ಜ. ಖಲಾಸ್, ಇನ್ನು ನಂಗೆ ಸಿಗೂದಿಲ್ಲ."

"ಕೈ ಇಳಿಸುವಾಗ ನೀನು ನೋಡಿದ್ದೆಲ್ಲಿ?"

"ನೋಟ್ಸ್."

"ಹಿಂದಿನ ಬಾಗಿಲು ನೋಡದೆ ರೈಟ್ ಹೇಳಿದ್ರೆ ಎಂತ ಆಗ್ತದೆ ಗೊತ್ತುಂಟಾ? ಒಂದು ಕಾಲು ಮೆಟ್ಟಿಲಲ್ಲಿ, ಒಂದು ಕಾಲು ರಸ್ತೆಯಲ್ಲಿ ಇದ್ದವರು ಬೀಳ್ತಾರೆ."

"ಬ್ಯಾಂಡಿಗೆ ಡೋರ್ ಎಲ್ಲಿ ಅಜ್ಜ?"

"ಡ್ರಮ್ಮಿನವನೇ ಹಿಂದಿನ ಬಾಗಿಲು ಮಾರಾಯ್ತಿ. ಅವ ಹತ್ತಿದನಾ ಇಲ್ಲವಾ ಮುಖ ನೋಡು. ಮತ್ತೆ ರೈಟ್."

ಮೂರು ಸಂಜೆ ಮನೆಯ ಹಾಲ್‌ನಲ್ಲಿ ಇದೇ ಅಭ್ಯಾಸ. ಅಡುಗೆಮನೆಯ ಬಾಗಿಲಲ್ಲಿ ತಪಲೆ ಹಿಡಿದು ನಿಂತ ನನ್ನ ಹೆಂಡತಿಯೇ ಡ್ರಮ್ಮು. "ನಿಮ್ಮಿಬ್ಬರ ಕಂಡಕ್ಟರ್‌ಗಿರಿಯಲ್ಲಿ ನನ್ನ ಸಾರು ತಳ ಹಿಡೀತು" ಎಂದು ಬೈಯುತ್ತಲೇ ಸರಿಯಾದ ಹೊತ್ತಿಗೆ ಬಡಿಯುತ್ತಿದ್ದಳು. ಮೊಮ್ಮಗಳು ಮಾತ್ರ ಸಾವಿರ ಸಲ ಕೈ ಎತ್ತಿರಬೇಕು.

ಗುರುವಾರ ನಾನು ಬೆಂಚಿನಲ್ಲಿ ಕೂರಲಾಗದೆ ಕಿಟಕಿಗೆ ಮೂಗು ಒತ್ತಿ ನಿಂತೆ. ಅವಳು ಕೈ ಎತ್ತಿದಳು. ಹಾಳೆ ನೋಡಲಿಲ್ಲ. ಕೊನೆಯ ಸಾಲಿನವರೆಗೆ ಕಣ್ಣು ಹಾಯಿಸಿ, ಡ್ರಮ್ಮಿನವನ ಮೇಲೆ ನಿಲ್ಲಿಸಿ, ಸ್ವಲ್ಪ ಕಾದಳು. ಆಮೇಲೆ ಕೈ ಇಳಿಯಿತು. ಧಡ್! ಅಷ್ಟೂ ಮಂದಿ ಒಟ್ಟಿಗೆ ಹೊರಟರು.

ಮುಗಿದ ಮೇಲೆ ಮಾಸ್ಟ್ರು ಕೋಲನ್ನು ಅವಳ ಕೈಯಲ್ಲೇ ಬಿಟ್ಟು, ಇದು ನಿನ್ನದು ಎಂದರು. ಯಾರು ಹೇಳಿಕೊಟ್ಟದ್ದು ಎಂದು ಕೇಳಿದಾಗ ಅವಳು ಕಿಟಕಿಯತ್ತ ಬೆರಳು ಮಾಡಿ, "ಅಜ್ಜ. ಅವರೂ ಕಂಡಕ್ಟರ್" ಎಂದಳಂತೆ. ಮಾಸ್ಟ್ರು ಹೊರಗೆ ಬಂದು ನನ್ನ ಎರಡೂ ಕೈ ಹಿಡಿದರು.

"ಎಷ್ಟು ವರ್ಷ ಅಂತ ಕೇಳ್ತಿದ್ದಾರೆ ಅಜ್ಜ."

"ಮೂವತ್ತೊಂದು."

"ನಿಮ್ಮಲ್ಲಿ ಎಷ್ಟು ಜನ ಇದ್ರು ಅಂತ."

"ಐವತ್ತು ಜನ ಕೂತು, ಅಷ್ಟೇ ಜನ ನಿಂತು. ಸೋಮವಾರ ಆದ್ರೆ ಬಾಗಿಲಲ್ಲಿ ನೇತಾಡಿಕೊಂಡೂ."

ಮಾಸ್ಟ್ರು ಕಣ್ಣರಳಿಸಿ, ಅಷ್ಟು ದೊಡ್ಡ ಬ್ಯಾಂಡ್ ನಾನು ಕಂಡಿಲ್ಲ ಎಂದರು. ಮೊಮ್ಮಗಳು ನಗು ತಡೆಯಲಾರದೆ ಬಸ್ಸಿನ ವಿಷಯ ಬಿಡಿಸಿ ಹೇಳಿದಳು. ನನಗೆ ಸ್ವಲ್ಪ ನಾಚಿಕೆಯಾಯಿತು. ಅವರು ನಗಲಿಲ್ಲ. ಕೈ ಬಿಡದೆ ಏನೋ ಮೆಲ್ಲಗೆ ಹೇಳಿದರು. "ಹನ್ನೊಂದು ವರ್ಷ ಲಾಸ್ಟ್ ರೋದಲ್ಲಿ ನಿಂತಿದ್ರಂತೆ ಅಜ್ಜ. ಕೈ ಇಳಿಸುವ ಮೊದಲು ಯಾರೂ ಅವರ ಮುಖ ನೋಡ್ತಿರ್ಲಿಲ್ಲವಂತೆ."

ಅಂದು ಸಂಜೆ ಮಗ ಕಂಪೆನಿಯ ಬಸ್ಸಿಳಿದು ಬಂದವನು ಬೂಟು ಬಿಚ್ಚುವ ಮೊದಲೇ ಮಗಳನ್ನು ಎತ್ತಿ ತಿರುಗಿಸಿದ. ಸೊಸೆ ಅಂಜಲ್ ಮೀನು ತಂದಿದ್ದಳು. ನೆಲದಲ್ಲಿ ಚಾಪೆ ಹಾಸಿ ಐವರೂ ಸುತ್ತ ಕುಳಿತೆವು. ಮೊಮ್ಮಗಳ ಬಲಗೈ ನೋವಿಗೆ ಮೇಲೇಳುತ್ತಿರಲಿಲ್ಲ. ಮೆಲ್ಲಗೆ ಎಡಗೈ ಬಟ್ಟಲಿಗೆ ಹಾಕಿದಳು.

"ಛೀ, ಎಡಗೈಯಲ್ಲಿ ತಿನ್ನುವುದಾ? ಬಾ ಇಲ್ಲಿ" ಎಂದು ಹೆಂಡತಿ ಅವಳನ್ನು ಹತ್ತಿರ ಎಳೆದುಕೊಂಡಳು. ನೀರುದೋಸೆಯನ್ನು ಸಾರಿನಲ್ಲಿ ಅದ್ದಿ, ಮುಳ್ಳು ತೆಗೆದ ಮೀನು ಇಟ್ಟು, ಬಾಯಿಗೆ ತುತ್ತು ಕೊಟ್ಟಳು.