ಸೋತ ಅರಸನ ಕೊನೆಯ ಮಾತು

ತೊಂಬತ್ತರ ದಶಕದ ಕೊನೆಯಲ್ಲಿ ಚೆನ್ನೈನ ಪಲ್ಲಾವರದ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದ ಉಡುಪಿ ಕಡೆಯ ಭಟ್ಟರೊಬ್ಬರಿದ್ದರು. ಅಲ್ಲಿನ ನಮ್ಮ ಕನ್ನಡ ಸಂಘ ವರ್ಷಕ್ಕೊಮ್ಮೆ ತಾಳಮದ್ದಳೆ ನಡೆಸುತ್ತಿತ್ತು. ವೇಷವಿಲ್ಲದೆ, ಕುಳಿತು, ಮಾತಿನಲ್ಲೇ ಆಡುವ ಆ ಆಟದಲ್ಲಿ ಭಟ್ಟರು ಕೇಳಿ ಪಡೆಯುತ್ತಿದ್ದುದು ಸೋಲುವವನ ಪಾತ್ರವನ್ನೇ. ಯಾಕೆಂದು ಕೇಳಿದರೆ, ಹೆಗಲ ಬೈರಾಸಿನಲ್ಲಿ ಕೈಯೊರೆಸಿಕೊಂಡು, “ಗೆದ್ದವನಿಗೆ ಮಾತಾಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?” ಎನ್ನುತ್ತಿದ್ದರು.

ಒಂದು ವರ್ಷ ಅವರಿಗೆ ಸಿಕ್ಕಿದ್ದು ಗಾದಿ ಕಳೆದುಕೊಂಡ ಅರಸನ ಪಾತ್ರ. ಕಾಡಿನಲ್ಲಿ ಕೂಡಿಸಿದ ಸಣ್ಣ ದಂಡಿನೊಡನೆ ತನ್ನದೇ ಕೋಟೆಗೆ ಮುತ್ತಿಗೆ ಹಾಕಿದ ಆ ಅರಸ, ಸೋತು ಸೆರೆಸಿಕ್ಕಿದ್ದ. ಗೆದ್ದ ಅರಸನಾಗಿದ್ದವರು ಒಬ್ಬ ಬ್ಯಾಂಕ್ ಮ್ಯಾನೇಜರು. ಮಾತಿಗಿಳಿದರೆ ಅವರನ್ನು ಪದ ಹಾಡುವ ಭಾಗವತರೇ ತಾಳ ಕುಟ್ಟಿ ನಿಲ್ಲಿಸಬೇಕು.

“ಕ್ಷಮೆ ಬೇಡು, ಪ್ರಾಣ ಉಳಿಸುತ್ತೇನೆ!” ಎಂದು ಅವರು ಗುಡುಗಿದರು.

ಭಟ್ಟರು ತಿರುಗೇಟು ಕೊಡುತ್ತಾರೆಂದು ನಾವೆಲ್ಲ ಕಾದೆವು. ಅವರು ಮೆಲ್ಲಗೆ, “ಸಿಂಹಾಸನ ನೀನೇ ಇಟ್ಟುಕೋ. ನನ್ನನ್ನು ನಂಬಿ ಬಂದವರು ಬೆಳಿಗ್ಗೆಯಿಂದ ಉಪವಾಸವಿದ್ದಾರೆ. ಅವರಿಗೆ ಊಟ ಹಾಕಿಸು” ಎಂದರು.

ಭಾಗವತರು ಮ್ಯಾನೇಜರ ಮಾತಿಗೆ ಕಾದು ಕಾದು, ಮಂಗಳ ಹಾಡಿ ಆಟ ಮುಗಿಸಿಬಿಟ್ಟರು. ಅಷ್ಟರಲ್ಲಿ ಭಟ್ಟರು ಶಾಲು ಮಡಚಿಟ್ಟು, ಬೈರಾಸು ಹೆಗಲಿಗೇರಿಸಿ, ನಮಗೆಲ್ಲ ಸಂಘದ ಊಟ ಬಡಿಸಲು ಹೊರಟಿದ್ದರು.